ಟಾವೆಲ್ ಕೆಳಗಿನ ಕೈ

ಈ ಮಾತು ನಡೆದದ್ದು ತಡಸದಲ್ಲಿ, ಒಂದು ರವಿವಾರ ಮಧ್ಯಾಹ್ನ, ಮನೆಯ ಮುಂದಿನ ಕಟ್ಟೆಯ ಮೇಲೆ. ಅಜ್ಜ ಹಾವೇರಿ, ಹಾನಗಲ್ಲ, ಸವಣೂರು ಕಡೆಯ ದನದ ಸಂತೆಗಳಲ್ಲಿ ದಲ್ಲಾಳಿಯಾಗಿ ಆಯುಷ್ಯ ಕಳೆದವರು. ಮೊಮ್ಮಗಳು ಹುಬ್ಬಳ್ಳಿಯಲ್ಲಿ ವಕೀಲರೊಬ್ಬರ ಹತ್ತಿರ ಜೂನಿಯರ್. ಹೆಸರು ಬರೆಯಬೇಡಿ ಅಂದರು, ಬರೆದಿಲ್ಲ.

ಮೊಮ್ಮಗಳು: ಅಜ್ಜಾ, ನೀ ಮನುಷ್ಯಾರ ಮಾರಿ ನೋಡಿ ಸುಳ್ಳು ಹಿಡೀತಿದ್ದಿ ಅಂತ ಊರೆಲ್ಲಾ ಹೇಳತಾರ. ಖರೇನ?

ಅಜ್ಜ: ಊರವರು ಹೇಳೂದಕ್ಕ ರೊಕ್ಕ ಬೀಳೂದಿಲ್ಲ. ಯಾಕ, ಈಗ ಯಾರ ಮಾರಿ ನೋಡಬೇಕಾಗೇತಿ?

ಮೊಮ್ಮಗಳು: ನಮ್ಮ ಸೀನಿಯರ್ ಒಂದು ಪುಸ್ತಕ ಕೊಟ್ಟಾರ. ಪೋಕರ್ ಅಂತ ಒಂದು ಎಲಿ ಆಟ. ಅದನ್ನ ಆಡೋರು ಎದುರಿನವರ ಕೈಯಾಗ ಎಂಥಾ ಎಲಿ ಅದಾವ ಅನ್ನೂದನ್ನ ಅವರ ಮೈ ನೋಡಿ ಹೇಳತಾರಂತ. ಆ ಗುರುತಿಗೆ ‘ಟೆಲ್’ ಅಂತಾರ. ಪಾಟಿಸವಾಲಿಗೆ ಉಪಯೋಗ ಆಗತೈತಿ, ಓದು ಅಂದ್ರು.

ಅಜ್ಜ: ಪೋಕರ್ ಅಂದ್ರ ನಮ್ಮ ಮೂರೆಲಿ ಆಟನ?

ಮೊಮ್ಮಗಳು: ಅದರ ಅಣ್ಣ ಅನ್ನು. ಈಗ ಹೆಚ್ಚು ಆಡೂ ಪದ್ಧತಿಯೊಳಗ ಎರಡು ಎಲಿ ಕೈಯಾಗ ಮುಚ್ಚಿರತಾವ, ಐದು ನಡುವ ತೆರದಿರತಾವ. ಏಳರಾಗ ಚಲೋ ಐದು ಜೋಡಿಸೂದು. ಎಲಿ ಕೆಟ್ಟಿದ್ರೂ ರೊಕ್ಕ ಏರಿಸಿ ಎದುರಿನವನ್ನ ಹೆದರಿಸಿ ಎಬ್ಬಿಸಬಹುದು.

ಅಜ್ಜ: ಹಂಗಾರ ಮೂರೆಲೀನ ಅದು. ಬ್ಲೈಂಡ್ ಹೊಡಕೋತ ಕುಂತಾಂವ, ಎಲಿ ನೋಡಿ ಆಡೋನ್ನ ಹೆದರಸೂದು. ಅಂದರ್-ಬಾಹರ್ ಬ್ಯಾರೆ. ಅದರಾಗ ಮಾರಿ ನೋಡಿ ಏನ್ ಮಾಡ್ತಿ? ಎಲಿ ಒಳಗ ಬೀಳತೈತೋ ಹೊರಗ ಬೀಳತೈತೋ ಹಂಚಾಂವಗೂ ಗೊತ್ತಿರಂಗಿಲ್ಲ. ಅವಗ ಗೊತ್ತಿಲ್ಲದ್ದನ್ನ ಅವನ ಮಾರಿ ಎಲ್ಲಿಂದ ಹೇಳೀತು? ಗೊತ್ತಿದ್ರ ಅದು ಆಟಲ್ಲ, ಕಳವು.

ಮೊಮ್ಮಗಳು: ಕೋರ್ಟಿನವರೂ ಅದ ಗೆರಿ ಎಳದಾರ. ನಸೀಬದ ಆಟ ಬ್ಯಾರೆ, ಕೌಶಲದ ಆಟ ಬ್ಯಾರೆ. 1968ರಾಗ ಸುಪ್ರೀಂ ಕೋರ್ಟು, ರಮ್ಮಿಯೊಳಗ ಬಿದ್ದ ಎಲಿ ನೆನಪಿಟಗೋಬೇಕು, ಯಾವ್ದು ಹಿಡೀಬೇಕು ಯಾವ್ದು ಬಿಡಬೇಕು ಅನ್ನೂದಕ್ಕ ಬುದ್ಧಿ ಬೇಕು, ಹಿಂಗಾಗಿ ಅದು ಹೆಚ್ಚಾಗಿ ಕೌಶಲದ ಆಟ ಅಂತು. 2013ರಾಗ ನಮ್ಮ ಕರ್ನಾಟಕ ಹೈಕೋರ್ಟು, ಪೋಕರನ್ನ ಕೌಶಲದ ಆಟ ಅಂತ ಆಡಿದ್ರ ಲೈಸೆನ್ಸ್ ಬೇಕಿಲ್ಲ ಅಂತು. 2021ರಾಗ ರಾಜ್ಯ ಸರಕಾರ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಆಟ ಬಂದ್ ಮಾಡಿತು. ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನ 2022ರ ಫೆಬ್ರುವರಿಯೊಳಗ ಹೈಕೋರ್ಟು ಹೊಡದ ಹಾಕ್ತು. ಮತ್ತ 2025ರ ಆಗಸ್ಟಿನಾಗ ಕೇಂದ್ರದ ಕಾಯ್ದೆ ಬಂತು. ಕೌಶಲ ಇರಲಿ ನಸೀಬ ಇರಲಿ, ರೊಕ್ಕ ಹಚ್ಚಿ ಆನ್‌ಲೈನ್ ಆಡಸೂದು ಬಂದ್.

ಅಜ್ಜ: ದೀಪಾವಳಿ ಪಾಡ್ಯದ ರಾತ್ರಿ ಎತ್ತು ಹಚ್ಚಿ ಕಳಕೊಂಡಾಂವ ಕೌಶಲದಾಗ ಕಳಕೊಂಡ್ನೋ ನಸೀಬದಾಗ ಕಳಕೊಂಡ್ನೋ, ಅವನ ಹೇಣ್ತಿಗೆ ಎರಡೂ ಒಂದ. ಅದಿರಲಿ, ಪುಸ್ತಕದಾಗ ಏನೈತಿ ಹೇಳು.

ಮೊಮ್ಮಗಳು: ಮೈಕ್ ಕ್ಯಾರೊ ಅಂತ ಒಬ್ಬ ಅಮೆರಿಕದಾಂವ 1984ರಾಗ ಬರದಾನ. ಫೋಟೋ ಸಮೇತ. ಅವನ ಮುಖ್ಯ ಸೂತ್ರ ಇಷ್ಟ: ಆಟಗಾರ ನಟ. ಎಲಿ ಚಲೋ ಇದ್ದಾಂವ ಸೋತವರ ವೇಷ ಹಾಕತಾನ, ಉಸಿರು ಬಿಟ್ಟು ಹೆಗಲು ಇಳಸತಾನ. ಎಲಿ ಕೆಟ್ಟಾಂವ ಎದಿ ಸೆಟೆಸಿ, ಕಣ್ಣಾಗ ಕಣ್ಣಿಟ್ಟು, ರೊಕ್ಕ ಧಡ್ ಅಂತ ಒಗೀತಾನ.

ಅಜ್ಜ: ಇದನ್ನ ಕಲಿಯಾಕ ಅಮೆರಿಕಾಕ್ಕ ಹೋಗಬೇಕಾಗಿತ್ತೇನ? ಎತ್ತು ಬೇಕಾದಾಂವ ಆ ಎತ್ತಿನ ಹತ್ರ ನಿಂದ್ರಂಗಿಲ್ಲ. ಆಜೂಬಾಜೂ ಕಟ್ಟಿದ್ದನ್ನ ನೋಡತಾನ, ಅದರ ಹಲ್ಲು ಹಿಡೀತಾನ, ಅದರ ರೇಟು ಕೇಳತಾನ. ಹೋಗೂ ಮುಂದ ಹೊಳ್ಳಿ ನಿಂತು ‘ಇದಕ್ಕೆಷ್ಟಪಾ’ ಅಂತ ಮಾರಿ ಬ್ಯಾರೆ ಕಡೆ ಮಾಡಿ ಕೇಳತಾನಲ್ಲ, ಅದ ಅವಗ ಬೇಕಾದ ಎತ್ತು. ಮಾರಾಂವಂದೂ ಹಂಗ. ‘ಮಾರೂ ವಿಚಾರನ ಇಲ್ಲ, ಸುಮ್ನ ಹೊಡಕೊಂಡ ಬಂದೇನಿ’ ಅಂತಾನ. ಮಾರೂದಿಲ್ಲಂದ್ರ ಕೋಡಿಗೆ ಎಣ್ಣಿ ಯಾಕ ಹಚ್ಚಿದಿ?

ಮೊಮ್ಮಗಳು: ಅಂದ್ರ ಕ್ಯಾರೊ ಹೇಳಿದ್ದು ಖರೆ.

ಅಜ್ಜ: ಖರೆ, ಆದ್ರ ಅರ್ಧ. ಈ ವೇಷ ಎಲ್ಲಾರಿಗೂ ಗೊತ್ತೈತಿ. ನಿನಗ ಗೊತ್ತೈತಿ ಅಂತ ಅವಗೂ ಗೊತ್ತೈತಿ. ಮುರಗೋಡ ಕಡೆಯಿಂದ ಒಬ್ಬ ಬರತಿದ್ದ. ಬೇಕಾದ ಎತ್ತಿನ ಮುಂದ ನಿಂತು ಬಾಯಿ ಬಿಟ್ಟು ಹೊಗಳಾಂವ. ಇಂವಗ ಇದು ಬ್ಯಾಡಾಗೇತಿ, ಆಟ ಹೂಡ್ಯಾನ ಅಂತ ಮಾರಾಂವ ತಿಳಕೋತಿದ್ದ, ರೇಟು ಇಳಸತಿದ್ದ. ನೀ ಹೇಳೂ ಸೂತ್ರ ಮೊದಲನೇ ಸಂತಿಗೆ ನಡೀತೈತಿ, ಎರಡನೇದಕ್ಕ ಇಲ್ಲ.

ಮೊಮ್ಮಗಳು: ಮತ್ತ ನೀ ಏನ್ ನೋಡತಿದ್ದಿ?

ಅಜ್ಜ: ಕೈ. ಟಾವೆಲ್ ಕೆಳಗ ವ್ಯಾಪಾರ ಮಾಡೂದು ನೋಡಿಯಲ್ಲ?

ಮೊಮ್ಮಗಳು: ಸಣ್ಣಾಕಿದ್ದಾಗ ನೋಡಿದ್ನಿ. ಇಬ್ಬರೂ ಟಾವೆಲ್ಲಿನಾಗ ಕೈ ಹಾಕಿ ನಿಂತಿರತಾರ, ಯಾರೂ ಮಾತಾಡಂಗಿಲ್ಲ. ನನಗ ಅದು ಜಾದೂ ಅನಸತಿತ್ತು.

ಅಜ್ಜ: ಜಾದೂ ಅಲ್ಲ, ಲೆಕ್ಕ. ಒಂದು ಬೆರಳು ಹಿಡದ್ರ ಒಂದು, ಎರಡು ಹಿಡದ್ರ ಎರಡು, ಪೂರಾ ಅಂಗೈ ಹಿಡದ್ರ ಐದು. ಅದು ಸಾವಿರೋ ಹತ್ತು ಸಾವಿರೋ ಅನ್ನೂದು ದನ ನೋಡಿದವರಿಗೆ ತಿಳದಿರತೈತಿ. ಒಪ್ಪಿಗಿ ಇಲ್ಲಂದ್ರ ಬೆರಳು ಮಡಚತಾರ, ಒಪ್ಪಿಗಿ ಆದ್ರ ಕೈ ಒತ್ತತಾರ. ಮುಚ್ಚಿ ಯಾಕ ಮಾಡ್ತಾರ ಹೇಳು?

ಮೊಮ್ಮಗಳು: ಬಾಜೂದವರಿಗೆ ರೇಟು ತಿಳೀಬಾರದು ಅಂತ.

ಅಜ್ಜ: ಹೂಂ. ಒಂದು ಜೋಡಿ ಎಷ್ಟಕ್ಕ ಹೋತು ಅಂತ ತಿಳದ್ರ ಉಳದ ಇಪ್ಪತ್ತು ಜೋಡಿ ಅದ ರೇಟಿಗೆ ನಿಂತಬಿಡತಾವ. ಮತ್ತ ಮಾರಿದಾಂವಗ ಮರ್ಯಾದಿ ಉಳೀತೈತಿ, ಕಡಿಮಿಗೆ ಕೊಟ್ಟ ಅಂತ ಊರಾಗ ಯಾರೂ ನಗಂಗಿಲ್ಲ. ಆದ್ರ ಇದರೊಳಗ ಇನ್ನೊಂದು ಐತಿ. ಸುತ್ತ ಹತ್ತು ಮಂದಿ ನಿಂತು ಇಬ್ಬರ ಮಾರಿ ನೋಡಕೋತ ಇರತಾರ. ಹಿಂಗಾಗಿ ಇಬ್ಬರೂ ಇದ್ದ ಬದ್ದ ಶಕ್ತಿ ಎಲ್ಲಾ ಮಾರಿ ಮ್ಯಾಲ ಇಟ್ಟಿರತಾರ. ಕಲ್ಲ ಬಸವಣ್ಣನ ಮಾರಿ. ಕೈ ಮರತಬಿಡತಾರ. ನಾನು ನಡುವ ಕೈ ಹಾಕಿದಾಗ ಹೇಳಾಂವ ಬಾಯಿಲೆ ‘ಆಗೂದಿಲ್ಲಪಾ, ಬಿಡು’ ಅಂದ್ರೂ ಬೆರಳು ಬಿಡತಿರಲಿಲ್ಲ. ವ್ಯಾಪಾರ ಬ್ಯಾಡಾದಾಂವ ಕೈ ಕೊಡಾವಾಗನ ಗೊತ್ತಾಗತೈತಿ, ಸತ್ತ ಕೈ ಇರತೈತಿ. ಬೇಕಾದಾಂವನ ಕೈ ಹೇಳಿದ ರೇಟಿಗೆ ಒಂದು ಗಳಿಗಿ ತಡದು ಮಡಚತೈತಿ. ಆ ಒಂದು ಗಳಿಗ್ಯಾಗ ನನ್ನ ದಲ್ಲಾಳಿ ಇತ್ತು ನೋಡು.

ಮೊಮ್ಮಗಳು: ಅಜ್ಜಾ, ತಡಿ. ಇದನ್ನ ಪರೀಕ್ಷಾ ಮಾಡಿ ನೋಡ್ಯಾರ. ಮೈಕೆಲ್ ಸ್ಲೆಪಿಯನ್ ಅಂತ ಮನಶ್ಶಾಸ್ತ್ರದಾಂವ, 2013ರಾಗ ಛಾಪಿಸಿದ ಅಭ್ಯಾಸ. ದೊಡ್ಡ ಪೋಕರ್ ಸ್ಪರ್ಧೆಯ ವಿಡಿಯೋ ತುಣುಕು ತಗೊಂಡು, ಕಾಲೇಜ ಹುಡುಗರಿಗೆ ತೋರಿಸಿದ. ಕೆಲವರಿಗೆ ಬರೇ ಮಾರಿ. ಕೆಲವರಿಗೆ ಬರೇ ತೋಳು ಮತ್ತ ಕೈ, ರೊಕ್ಕದ ಬಿಲ್ಲಿ ನೂಕೂ ಮುಂದ. ಎಲಿ ಚಲೋ ಅದಾವೋ ಇಲ್ಲೋ ಹೇಳ್ರಿ ಅಂದ. ಮಾರಿ ನೋಡಿದವರು ಕಣ್ಣು ಮುಚ್ಚಿ ಹೇಳಿದ್ದಕ್ಕಿಂತ ಹೆಚ್ಚು ತಪ್ಪಿದ್ರು. ಕೈ ನೋಡಿದವರು ಸ್ವಲ್ಪ ಹೆಚ್ಚು ಸರಿ ಹೇಳಿದ್ರು. ಕೈ ಸರಾಗ ನಡದ್ರ ಎಲಿ ಚಲೋ.

ಅಜ್ಜ: ನಾ ಹೇಳಿದ್ದು ಅದ ಅಲ್ಲೇನ! ಎಷ್ಟು ಹೆಚ್ಚು?

ಮೊಮ್ಮಗಳು: ಭಾಳ ಏನಿಲ್ಲ. ಆಟ ಗೆದ್ದು ಮನಿ ಕಟ್ಟಸೂವಷ್ಟಲ್ಲ.

ಅಜ್ಜ: ಇಷ್ಟು ಹೇಳಿದ್ರ ಅಂವ ಪ್ರಾಮಾಣಿಕ ಮನುಷ್ಯಾ.

ಮೊಮ್ಮಗಳು: ಇನ್ನೊಂದು ಲೆಕ್ಕ ಕೇಳು. 2006ರಾಗ ಬಾಂಡ್ ಮತ್ತ ಡಿಪಾಲೊ ಅನ್ನೋರು, ಅಲ್ಲೀಮಟ ಸುಳ್ಳು ಹಿಡಿಯೂದರ ಮ್ಯಾಲ ನಡೆದ ಪರೀಕ್ಷಾ ಎಲ್ಲಾ ಕೂಡಿಸಿದ್ರು. ಇಪ್ಪತ್ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ. ಯಾವ್ದು ಖರೆ ಯಾವ್ದು ಸುಳ್ಳು ಅಂತ ಸರಿ ಹೇಳಿದ್ದು ನೂರಕ್ಕ 54. ನಾಣ್ಯ ಹಾರಿಸಿದ್ರ 50 ಬರತೈತಿ.

ಅಜ್ಜ: ಪೊಲೀಸ್ರು?

ಮೊಮ್ಮಗಳು: ಅವರೂ ಅಷ್ಟ. ಅನುಭವಸ್ಥರು ಅಂತ ಅನಸಕೊಂಡವರಿಗೂ ಉಳದವರಿಗೂ ಹೇಳಿಕೊಳ್ಳೂವಂಥ ಫರಕು ಸಿಗಲಿಲ್ಲ.

ಅಜ್ಜ: ಅನುಭವಸ್ಥಗ ತನ್ನ ಮ್ಯಾಲ ನಂಬಿಗಿ ಜಾಸ್ತಿ ಇರತೈತಿ, ಇಷ್ಟ ಫರಕು. ನಮ್ಮ ಧಂದೆದಾಗೂ ನೋಡೇನಿ. ‘ನಾ ಒಂದ ನೋಟಕ್ಕ ಹೇಳತೇನಿ’ ಅನ್ನಾಂವ ಸೋತಿದ್ದನ್ನ ಮರತಿರತಾನ, ಗೆದ್ದಿದ್ದನ್ನ ಕಟ್ಟಿ ಮ್ಯಾಲ ಕುಂತು ಹೇಳಕೋತ ಇರತಾನ.

ಮೊಮ್ಮಗಳು: ಹಂಗಾರ ನಿನಗ ಸಿಕ್ಕಿದ್ದು ಹೆಂಗ? ನೂರಕ್ಕ 54ರ ಮ್ಯಾಲ ಆಯುಷ್ಯಪೂರ್ತಿ ಯಾರೂ ದಲ್ಲಾಳಿ ಮಾಡೂದಿಲ್ಲ.

ಅಜ್ಜ: ಮನುಷ್ಯಾನ ನೋಡೂಕಿಂತ ಮೊದಲ ಎತ್ತು ನೋಡಿರತಿದ್ನಿ. ಹಲ್ಲು ಹಿಡಿ: ಎರಡಲ್ಲೋ, ನಾಕಲ್ಲೋ, ಆರಲ್ಲೋ, ಬಾಯಿಗೂಡಿದ್ದೋ. ಬಾಯಿಗೂಡಿದ್ರ ಹೆಚ್ಚು ಕಡಿಮಿ ಐದು ವರ್ಷದ ದನ. ಆಮ್ಯಾಲ ಹಲ್ಲು ಸವದಿದ್ದರ ಮ್ಯಾಲ ಲೆಕ್ಕ. ಸುಳಿ ನೋಡು. ಗೊರಸು ನೋಡು. ಕೋಡು ಹೆರದಾರೋ ನೋಡು. ಮೆತ್ತನ ಮಣ್ಣಿನ್ಯಾಗ ಕುಂಟೂದು ಕಾಣಂಗಿಲ್ಲ, ರಸ್ತಾದ ಮ್ಯಾಲ ನಡಸು. ಹೊಟ್ಟಿ ತುಂಬಿ ಕಾಣಲಿ ಅಂತ ಉಪ್ಪು ತಿನಿಸಿ ನೀರು ಕುಡಿಸಿರತಾರ, ಹಂಗಾಗಿ ಸಗಣಿ ನೋಡು. ಬಂಡಿ ಕಟ್ಟಿ ನೋಡು. ಇಷ್ಟಾದ ಮ್ಯಾಲ ರೇಟು ಎಲ್ಲಿಂದ ಎಲ್ಲೀತನಕ ಅಂತ ನನ್ನ ತಲ್ಯಾಗ ಇರತಿತ್ತು. ಮನುಷ್ಯಾನ ಕೈ ನೋಡೂದು, ಆ ಎರಡರ ನಡುವ ಎಲ್ಲಿ ನಿಂದ್ರತೈತಿ ಅನ್ನೂದಕ್ಕ ಅಷ್ಟ.

ಮೊಮ್ಮಗಳು: ಪೋಕರಿನ್ಯಾಗೂ ಗಟ್ಟಿ ಆಟಗಾರರು ಇದನ್ನ ಹೇಳತಾರ. ಬಿದ್ದ ಎಲಿ, ಉಳದ ಎಲಿ, ಹಚ್ಚಿದ ರೊಕ್ಕ, ಇದರ ಲೆಕ್ಕ ಮೊದಲು. 2003ರಾಗ ಕ್ರಿಸ್ ಮನಿಮೇಕರ್ ಅಂತ ಒಬ್ಬ ಅಕೌಂಟಂಟ್, ಇಂಟರ್ನೆಟ್ಟಿನ್ಯಾಗ ಆಡಿ ಅರ್ಹತಾ ಪಡದು ಲಾಸ್ ವೇಗಸ್ಸಿನ ವಿಶ್ವ ಸ್ಪರ್ಧೆ ಗೆದ್ದ. 25 ಲಕ್ಷ ಡಾಲರ್. ಪರದೆ ಮ್ಯಾಲ ಆಡಾವಾಗ ಯಾರ ಮಾರಿ ಇತ್ತು?

ಅಜ್ಜ: ಮಾರಿ ಇಲ್ಲಂದ್ರ ಗುರುತು ಇಲ್ಲಂತ ತಿಳಿಬ್ಯಾಡ.

ಮೊಮ್ಮಗಳು: ಇರತಾವ. ಎಷ್ಟು ಹೊತ್ತು ತಗೊಂಡ, ಎಷ್ಟು ಹಚ್ಚಿದ, ಯಾವಾಗಲೂ ಹಚ್ಚೂದಕ್ಕಿಂತ ಹೆಚ್ಚೋ ಕಡಿಮ್ಯೋ. ನಿನ್ನ ಟಾವೆಲ್ಲಿನ ಒಂದು ಗಳಿಗಿ ಇದ್ದಂಗ.

ಅಜ್ಜ: 2022ರಾಗ ದನಕ್ಕ ಚರ್ಮಗಂಟು ರೋಗ ಬಂದು ಸಂತಿ ಬಂದ್ ಮಾಡಿದ್ರಲ್ಲ, ಆವಾಗ ಮಂದಿ ವಾಟ್ಸಾಪಿನ್ಯಾಗ ಎತ್ತಿನ ವಿಡಿಯೋ ಕಳಸಾಕ ಹತ್ತಿದ್ರು. ನಿಮ್ಮ ಕಾಕಾ ತಂದು ತೋರಸತಿದ್ದ. ಒಂದು ಜೋಡಿ ಭಾಳ ಚಂದ ಇತ್ತು. ಆದ್ರ ಎರಡು ವಿಡಿಯೋದಾಗೂ ಎಡಗಡೆ ಎತ್ತಿನ ಬಲಮಗ್ಗಲು ಕಂಡಿಲ್ಲ. ಸಂತ್ಯಾಗೂ ಹಂಗ ಮಾಡತಾರ. ಕುಂಟೂ ಕಾಲಿನ ಕಡೆ ತಾನ ನಿಂತಿರತಾನ, ನೀ ಸುತ್ತು ಹಾಕಿದ್ರ ಅಂವನೂ ಸುತ್ತತಾನ. ‘ಬಲಮಗ್ಗಲ ವಿಡಿಯೋ ಕಳಸು’ ಅಂತ ಹೇಳಿಸಿದ್ನಿ. ಕಳಸಲಿಲ್ಲ. ಕಳಸಲಿಲ್ಲ ಅಂದ್ರ ಕುಂಟತೈತಿ ಅಂತ ನಾ ಹೇಳಂಗಿಲ್ಲ. ಫೋನ್ ಕೆಟ್ಟಿರಬಹುದು. ವ್ಯಾಪಾರ ಮಾತ್ರ ಬ್ಯಾಡಂದ್ನಿ.

ಮೊಮ್ಮಗಳು: ಗುರುತು ಸಿಕ್ಕ ಕೂಡಲೆ ತೀರ್ಪು ಕೊಡಲಿಲ್ಲ, ನೋಡಬೇಕಾದ್ದನ್ನ ಕೇಳಿದಿ.

ಅಜ್ಜ: ಮತ್ತ? ಗುರುತು ಹೇಳೂದು ‘ಇಲ್ಲೇನೋ ಐತಿ’ ಅಂತ. ಏನೈತಿ ಅಂತ ಹೇಳಂಗಿಲ್ಲ.

ಮೊಮ್ಮಗಳು: ದನಕ್ಕ ಮನುಷ್ಯಾರ ಗುರುತು ಸಿಗತೈತೇನ ಅಜ್ಜಾ?

ಅಜ್ಜ: ನಮಗಿಂತ ಜಾಸ್ತಿ. ದೀಪಾವಳಿಗೆ ಹೋರಿ ಬೆದರಿಸಾಕ ಬಿಡತಾರಲ್ಲ, ಕೊಬ್ಬರಿ ಸರ ಹರಿಯಾಕ ಹೋದ ಹುಡುಗ ಎಡಕ್ಕ ಹಾರತಾನೋ ಬಲಕ್ಕ ಹಾರತಾನೋ ಅಂವಗ ಗೊತ್ತಾಗೂಕಿಂತ ಮೊದಲ ಹೋರಿಗೆ ಗೊತ್ತಿರತೈತಿ. ಕಾಲು ನೋಡತೈತಿ ಅದು.

ಮೊಮ್ಮಗಳು: ಜರ್ಮನಿಯೊಳಗ ಒಂದು ಕುದರಿ ಇತ್ತು, ಹ್ಯಾನ್ಸ್ ಅಂತ ಹೆಸರು. ಬರ್ಲಿನ್ನಿನಾಗ ಫಾನ್ ಓಸ್ಟೆನ್ ಅನ್ನೋ ಮಾಸ್ತರರದು. ಲೆಕ್ಕ ಕೇಳಿದ್ರ ಗೊರಸಿಲೆ ನೆಲ ಬಡದು ಉತ್ತರಾ ಹೇಳತಿತ್ತು. ಮೂರು ನಾಕಲೆ ಎಷ್ಟಂದ್ರ ಹನ್ನೆರಡು ಸರತಿ ಬಡದು ನಿಂದ್ರತಿತ್ತು. 1904ರಾಗ ದೊಡ್ಡ ದೊಡ್ಡವರು ಕೂಡಿ ತಪಾಸ ಮಾಡಿದ್ರು, ಮೋಸ ಕಾಣಲಿಲ್ಲ. ಆಮ್ಯಾಲ ಫುಂಗ್ಸ್ಟ್ ಅಂತ ಒಬ್ಬ ಅಭ್ಯಾಸಿ ಪರೀಕ್ಷಾ ಮಾಡಿದ. ಪ್ರಶ್ನಾ ಕೇಳಿದಾಂವಗ ಉತ್ತರಾ ಗೊತ್ತಿರಲಿಲ್ಲ ಅಂದ್ರ ಕುದರಿಗೂ ಬರತಿರಲಿಲ್ಲ. ಕೇಳಿದಾಂವ ಕಣ್ಣಿಗೆ ಬೀಳದಂಗ ಮಾಡಿದ್ರೂ ಬರತಿರಲಿಲ್ಲ. ಕೇಳಿದವರು ಗೊರಸು ನೋಡಾಕ ಬಗ್ಗಿರತಾರ, ಸರಿಯಾದ ಎಣಿಕಿ ಬಂದ ಕೂಡಲೆ ತಲಿ ಒಂದು ಎಳ್ಳಿನಷ್ಟು ಮ್ಯಾಲ ಬರತೈತಿ. ಕುದರಿ ಅದನ್ನ ನೋಡಿ ನಿಂದ್ರತಿತ್ತು. ಇದು ತಿಳದ ಮ್ಯಾಲೂ ಫುಂಗ್ಸ್ಟಗ ತನ್ನ ತಲಿ ಅಲುಗೂದನ್ನ ತಡಿಯಾಕ ಆಗಲಿಲ್ಲ.

ಅಜ್ಜ: ನಮ್ಮ ಕೋಲೆಬಸವ ಅಲ್ಲೇನ! ‘ಈ ಮನಿಗೆ ಮಳಿ ಬೆಳಿ ಚಲೋ ಆಗತೈತೇನ ಬಸವಣ್ಣಾ’ ಅಂದ್ರ ತಲಿ ಹಾಕತೈತಿ. ಅಲ್ಲಿ ಒಡೆಯ ಬೇಕಂತ ಸನ್ನಿ ಮಾಡತಾನ, ಇಲ್ಲಿ ಮಾಸ್ತರಗ ತಾ ಮಾಡೂದು ಗೊತ್ತಿರಲಿಲ್ಲ. ಅಷ್ಟ ಫರಕು. ಆದ್ರ ಒಂದು ತಿಳಕೊ, ಆ ಕುದರಿಗೆ ಲೆಕ್ಕ ಬರತಿರಲಿಲ್ಲ. ತಲಿ ಏರಿತು ಅಂತ ಗೊತ್ತಾತು, ಯಾಕ ಏರಿತು ಅಂತ ಅದಕ್ಕೇನ್ ಗೊತ್ತು? ನಿಂತ್ರ ತಿನ್ನಾಕ ಸಿಗತಿತ್ತು, ನಿಂದ್ರತಿತ್ತು.

ಮೊಮ್ಮಗಳು: ನನಗಾಗೂದೂ ಅದ ಅಜ್ಜಾ. ಯಾಕ ಅನ್ನೂದು ತಿಳಿವಲ್ದು.

ಅಜ್ಜ: ಈಗ ಬಂತು ನೋಡು ಮಾತು. ಯಾರ ಮಾರಿ?

ಮೊಮ್ಮಗಳು: ಒಂದು ವಾಟ್ನಿ ದಾವೆ. ಹೊಲದ ವಾಟ್ನಿ ಹಿಂದನ ಆಗೇತಿ ಅಂತ ನಮ್ಮ ಪಕ್ಷಗಾರರು, ಆಗಿಲ್ಲ ಅಂತ ಎದುರಿನವರು. ಅವರ ಕಡೆ ಸಾಕ್ಷಿ ಒಬ್ಬ ಮುದುಕಿ, ಅವರ ದೊಡ್ಡವ್ವ. ಕಟಕಟಿ ಏರಿದ ಕೂಡಲೆ ಕೈ ನಡಗತಾವ, ಸೆರಗು ಹಿಡದು ತಿರುವತಾಳ, ನ್ಯಾಯಾಧೀಶರ ಕಡೆ ನೋಡಂಗಿಲ್ಲ, ಕೇಳಿದ್ದಕ್ಕ ಎರಡು ಗಳಿಗಿ ಬಿಟ್ಟು ಉತ್ತರಾ ಹೇಳತಾಳ. ಸೀನಿಯರ್ ಹೇಳತಾರ, ಸುಳ್ಳಿನ ಗುರುತು ಎಲ್ಲಾ ಅದಾವ, ನಾಳೆ ಒತ್ತಿ ಕೇಳೋಣು, ಆಕಿ ನಡಗೂದನ್ನ ಕೋರ್ಟು ಬರಕೊಳ್ಳೂ ಹಂಗ ಮಾಡೋಣು ಅಂತ.

ಅಜ್ಜ: ನಡಗೂದನ್ನ ಬರಕೊಳ್ಳಾಕ ಬರತೈತೇನ?

ಮೊಮ್ಮಗಳು: ಬರತೈತಿ. ಸಿವಿಲ್ ಪ್ರಕ್ರಿಯಾ ಸಂಹಿತೆ, ಆದೇಶ 18, ನಿಯಮ 12. ಸಾಕ್ಷಿ ಹೇಳೂ ಮುಂದ ಅವರ ಹಾವ-ಭಾವ ಹೆಂಗಿತ್ತು ಅನ್ನೂದನ್ನ, ಮುಖ್ಯ ಅನಿಸಿದ್ರ, ನ್ಯಾಯಾಧೀಶರು ಬರದು ಇಡಬಹುದು.

ಅಜ್ಜ: ಆಕಿ ಮನ್ಯಾಗ ಹೆಂಗಿರತಾಳ ನೋಡೀಯೇನ?

ಮೊಮ್ಮಗಳು: ಇಲ್ಲ. ಕೋರ್ಟಿನಾಗ ಅಷ್ಟ.

ಅಜ್ಜ: ನೀರಿನ ಚರಗಿ ಹಿಡಿಯೂ ಮುಂದ ಆಕಿ ಕೈ ನಡಗತಾವೋ ಇಲ್ಲೋ?

ಮೊಮ್ಮಗಳು: ಗೊತ್ತಿಲ್ಲ.

ಅಜ್ಜ: ಗಂಡಸರ ಮುಂದ ಮಾರಿ ಎತ್ತಿ ಮಾತಾಡೂ ರೂಢಿ ಆಕಿಗೈತೋ ಇಲ್ಲೋ? ಕಿವಿ ಕೇಳತಾವೋ ಇಲ್ಲೋ? ನೀವು ಕೇಳೂದು ಯಾವ ಕನ್ನಡ? ‘ಸದರಿ ಸ್ವತ್ತು’ ಅಂದ್ರ ಏನಂತ ಆಕಿಗೆ ತಿಳೀತೈತೇನ? ನನ್ನ ಒಂದು ಸರತಿ ಸಾಕ್ಷಿಗೆ ಕರದಿದ್ರು. ‘ಪ್ರಶ್ನಿತ ಜಾನುವಾರು’ ಅಂದ್ರು. ನಾನೂ ಎರಡು ಗಳಿಗಿ ತಡದ್ನಿ, ಎತ್ತೋ ಆಕಳೋ ಅಂತ.

ಮೊಮ್ಮಗಳು: ಅಂದ್ರ ಮೊದಲ ಆಕಿ ಎಂದಿನ ರೀತಿ ತಿಳೀಬೇಕು.

ಅಜ್ಜ: ಹೊಸ ಜಾಗಾದಾಗ ಕಟ್ಟಿದ ಎತ್ತು ಬುಸುಗುಡತೈತಿ. ಬೆದರೂ ಎತ್ತು ಅಂತ ಬಿಟ್ಟಬಂದ್ರ ಚಲೋ ಎತ್ತು ಕಳಕೋತಿ. ಸಂತಿ ಗದ್ದಲದಾಗ ಯಾವ ದನ ತನ್ನ ಖರೇ ಗುಣ ತೋರಸತೈತಿ? ಅದಕ್ಕ ತಿಳದವರು ಹಿಂದಿನ ದಿನ ಮಾರಾಂವನ ಊರಿಗೆ ಹೋಗಿ ಕೊಟ್ಟಿಗಿಯೊಳಗ ನೋಡಿ ಬರತಿದ್ರು. ನಾನೂ ಹೋಗತಿದ್ನಿ, ಮುಂಡಗೋಡಿನ ತನಕ. ಮತ್ತ ಒಂದು ಮಾತು. ಸಂತ್ಯಾಗ ಕೈ ನಡಗಾಂವ ಸಿಕ್ಕರ ಎತ್ತಿಗೆ ರೋಗ ಐತಿ, ಮುಚ್ಚಿಡಾಕ ಹತ್ಯಾನ ಅಂತ ಹೊಸ ದಲ್ಲಾಳಿ ತಿಳಕೋತಾನ. ನಡಗಾಕ ಕಾರಣ ಏನೇನ ಇರತಾವ? ಮಗಳ ಮದಿವಿ ಎರಡು ವಾರಕ್ಕ ಇರತೈತಿ. ದವಾಖಾನಿ ಬಿಲ್ಲು ಇರತೈತಿ. ಸೊಸೈಟಿ ಸಾಲ ಇರತೈತಿ. ಸ್ವಂತ ಮನ್ಯಾಗ ಹುಟ್ಟಿ ಬೆಳದ ಹೋರಿ, ಅದನ್ನ ಹಗ್ಗ ಬಿಚ್ಚಿ ಕೊಡೂ ಸಂಕಟ ಇರತೈತಿ. ಮುಂಜಾನೆಯಿಂದ ಏನೂ ತಿಂದಿರಂಗಿಲ್ಲ. ನಡಗೂದು ಎಲ್ಲಾದಕ್ಕೂ ಒಂದ ನಮೂನಿ.

ಮೊಮ್ಮಗಳು: ಇದಕ್ಕ ಒಂದು ಹೆಸರು ಐತಿ, ಒಥೆಲೊ ತಪ್ಪು ಅಂತ. ಪೌಲ್ ಎಕ್ಮನ್ ಅನ್ನಾಂವ ಇಟ್ಟದ್ದು. ಶೇಕ್ಸ್‌ಪಿಯರನ ನಾಟಕದಾಗ ಒಥೆಲೊ ಹೇಣ್ತಿ ಮ್ಯಾಲ ಸಂಶಯ ಪಡತಾನ. ಆಕಿ ಅಳತಾಳ. ಗೆಣೆಯಗ ಅಳತಾಳ ಅಂತ ಇಂವ ತಿಳಕೋತಾನ. ಆಕಿ ಅಳೂದು ಗಂಡ ಕೊಲ್ಲತಾನ, ತನ್ನ ಮಾತು ನಂಬೂದಿಲ್ಲ ಅನ್ನೂ ಹೆದರಿಕಿಗೆ. ಗುರುತು ಖರೆ, ಕಾರಣ ಸುಳ್ಳು.

ಅಜ್ಜ: ಕೊಂದ್ನೇನ?

ಮೊಮ್ಮಗಳು: ಕೊಂದ.

ಅಜ್ಜ: ಹೂಂ.

ಮೊಮ್ಮಗಳು: ಸುಳ್ಳು ಹಿಡಿಯೂ ಮಷಿನ್ ಅಂತಾರಲ್ಲ, ಅದೂ ಹಂಗ. ಉಸಿರು, ರಕ್ತದ ಒತ್ತಡ, ಚರ್ಮದ ಬೆವರು ಅಳೀತೈತಿ, ಸುಳ್ಳು ಅಳಿಯಂಗಿಲ್ಲ. ನಮ್ಮ ರಾಜ್ಯದ ಹೆಸರಿನ್ಯಾಗ ಒಂದು ತೀರ್ಪು ಐತಿ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, ಸುಪ್ರೀಂ ಕೋರ್ಟು, 5 ಮೇ 2010. ಮಂಪರು ಪರೀಕ್ಷಾ, ಮಿದುಳಿನ ಪರೀಕ್ಷಾ, ಈ ಮಷಿನ್, ಮೂರನ್ನೂ ಮನುಷ್ಯಾನ ಒಪ್ಪಿಗಿ ಇಲ್ಲದ ಮಾಡಬಾರದು ಅಂತ. ತನ್ನ ವಿರುದ್ಧ ತಾನ ಸಾಕ್ಷಿ ಹೇಳಬೇಕಂತ ಯಾವ ಆರೋಪಿಯನ್ನೂ ಒತ್ತಾಯ ಮಾಡಾಕ ಬರಂಗಿಲ್ಲ. ಸಂವಿಧಾನದ 20(3).

ಅಜ್ಜ: ಮಷಿನ್ನಿಗೆ ಒಪ್ಪಿಗಿ ಬೇಕು. ಮುದುಕಿ ಕೈ ನೋಡಿ ಬರಸಾಕ ಬ್ಯಾಡ. ಚಲೋ ನ್ಯಾಯ ನಿಮ್ಮದು.

ಮೊಮ್ಮಗಳು: ಹಂಗೇನಿಲ್ಲ ಅಜ್ಜಾ, ಹಾವ-ಭಾವ ಒಂದರ ಮ್ಯಾಲ ಯಾವ ನ್ಯಾಯಾಧೀಶರೂ ತೀರ್ಪು ಕೊಡಂಗಿಲ್ಲ.

ಅಜ್ಜ: ಕೊಡಂಗಿಲ್ಲ ಅಂದ್ರ ಬರಸೂದು ಯಾಕ? ಆಕಿ ಮರ್ಯಾದಿ ಹೋಗೂದಕ್ಕ ಅಷ್ಟನ?

ಮೊಮ್ಮಗಳು: ಹಂಗಾರ ಗುರುತು ನೋಡಲೇಬಾರದೇನ? ನೀ ಆಯುಷ್ಯಪೂರ್ತಿ ನೋಡಿದಿ, ನಮಗ ಬ್ಯಾಡ ಅಂತಿ.

ಅಜ್ಜ: ನೋಡು. ಯಾವ ಪ್ರಶ್ನಕ್ಕ ಆಕಿ ತಡದ್ಲು ಅನ್ನೂದು ನೋಡು. ಎಲ್ಲಾದಕ್ಕೂ ಎರಡು ಗಳಿಗಿ ತಡದ್ರ ಅದು ಆಕಿ ಚಾಳಿ, ಅದಕ್ಕ ಬೆಲಿ ಇಲ್ಲ. ಒಂದ ಒಂದು ಪ್ರಶ್ನಕ್ಕ ತಡದಿದ್ರ ಹೇಳು.

ಮೊಮ್ಮಗಳು: ತಡಿ, ನೆನಪು ಮಾಡಕೋತೇನಿ. ಹೆಸರು, ವಯಸ್ಸು ಕೇಳಿದಾಗೂ ತಡದ್ಲು. ಊರು ಕೇಳಿದಾಗೂ. ಆದ್ರ, ‘ನಿಮ್ಮ ಮೈದುನ ಬ್ಯಾರೆ ಆದ ಮ್ಯಾಲ ಕೆರಿ ಮಗ್ಗಲ ಹೊಲಾ ಯಾರು ಉಳತಿದ್ರು’ ಅಂದಾಗ ಆಕಿ ತಡೀಲಿಲ್ಲ. ಉತ್ತರಾ ಲಗೂ ಬಂತು. ‘ನನಗ ಗೊತ್ತಿಲ್ಲ’ ಅಂದ್ಲು.

ಅಜ್ಜ: ಹಾಂ. ಎಲ್ಲಾದಕ್ಕೂ ತಡಿಯಾಕಿ ಒಂದಕ್ಕ ಲಗೂ ಹೇಳಿದ್ಲು. ನಿಮ್ಮ ಸೀನಿಯರ್ ಲೆಕ್ಕದಾಗ ತಡದ್ರ ಸುಳ್ಳು. ಇಲ್ಲಿ ತಡೀದಿದ್ದ ಗುರುತು.

ಮೊಮ್ಮಗಳು: ಅಂದ್ರ ಅದು ಸುಳ್ಳು!

ಅಜ್ಜ: ಮತ್ತ ಓಡಿದಿ. ಅಲ್ಲೇನೋ ಐತಿ, ಅಷ್ಟ. ‘ಇದನ್ನ ಕೇಳಿದ್ರ ಗೊತ್ತಿಲ್ಲ ಅನ್ನು’ ಅಂತ ಯಾರೋ ಮನ್ಯಾಗ ಹೇಳಿಕೊಟ್ಟಿರಬಹುದು. ಇಲ್ಲಾ, ಆ ಹೊಲದಾಗ ಆಕಿಗೆ ಏನೋ ಅನ್ಯಾಯ ಆಗಿರಬಹುದು, ಆ ಮಾತ ಬ್ಯಾಡಾಗಿರಬಹುದು. ಖರೇನ ಗೊತ್ತಿಲ್ಲದನೂ ಇರಬಹುದು. ಗೊತ್ತಿಲ್ಲ ಅನ್ನಾಕ ವಿಚಾರ ಯಾಕ ಬೇಕು?

ಮೊಮ್ಮಗಳು: ಮತ್ತ ಏನ್ ಮಾಡ್ಲಿ?

ಅಜ್ಜ: ನಳನ ಕಥಿ ಗೊತ್ತೈತಿಲ್ಲೋ? ನಮ್ಮ ತಾಲೂಕಿನ ಬಾಡದಾಗ ಹುಟ್ಟಿದ ಕನಕಪ್ಪ ನಳಚರಿತ್ರೆ ಬರದಾನ. ಆ ನಳ ಕುದರಿ ಮನಸ್ಸು ತಿಳದಾಂವ. ಅಶ್ವಹೃದಯ ಅಂತಾರ ಅದಕ್ಕ. ಕುದರಿ ಒಳಗ ಏನ ನಡದೈತಿ ಅಂತ ಅವಗ ಗೊತ್ತಾಗತಿತ್ತು. ಆದ್ರೂ ಪಗಡಿಯೊಳಗ ರಾಜ್ಯ ಕಳಕೊಂಡ. ಆಮ್ಯಾಲ ವೇಷ ಮರಿಸಿ ಋತುಪರ್ಣ ರಾಜನ ಹತ್ರ ಸಾರಥಿ ಆದ. ಒಂದು ದಿನ ರಥದಾಗ ಹೊಂಟಾಗ ಆ ರಾಜ ಒಂದು ಗಿಡ ನೋಡಿ, ಇದರಾಗ ಇಷ್ಟು ಎಲಿ, ಇಷ್ಟು ಕಾಯಿ ಅಂತ ಹೇಳಿದ. ನಳ ನಂಬಲಿಲ್ಲ. ರಥ ನಿಲ್ಲಿಸಿ ಎಣಿಸಿದ. ಸರಿ ಇತ್ತು. ಆವಾಗ ಇಬ್ಬರೂ ವಿದ್ಯಾ ಅದಲು ಬದಲು ಮಾಡಕೊಂಡ್ರು. ಇಂವ ಅಶ್ವಹೃದಯ ಕೊಟ್ಟ, ಅಂವ ಅಕ್ಷಹೃದಯ ಕೊಟ್ಟ. ಅದು ಕಲತ ಮ್ಯಾಲ ನಳ ಹೋಗಿ ಹೊಳ್ಳಿ ಆಡಿ ರಾಜ್ಯ ಗೆದ್ದ.

ಮೊಮ್ಮಗಳು: ಎದುರಿನವನ ಮಾರಿ ಓದೂದನ್ನ ಕಲೀಲಿಲ್ಲ, ಎಣಸೂದು ಕಲತ.

ಅಜ್ಜ: ಮತ್ತ ರಾಜ ಹೇಳಿದ್ದನ್ನ ಹಂಗ ನಂಬಲಿಲ್ಲ, ರಥ ಇಳದು ಎಣಿಸಿದ. ಅದನ್ನ ಬಿಟ್ಟಿ ನೀ. ಹೊಲಾ ಯಾರು ಉಳತಿದ್ರು ಅಂತ ಮುದುಕಿ ಮಾರಿ ಮ್ಯಾಲ ಬರದಿರಂಗಿಲ್ಲ. ಉತಾರದಾಗ ಬರದಿರತೈತಿ. ಸಾಗುವಳಿದಾರ ಅಂತ ಒಂದು ಕಾಲಮ್ಮ ಇರತೈತಿ ಅಲ್ಲ?

ಮೊಮ್ಮಗಳು: ಇರತೈತಿ. ಆನ್‌ಲೈನ್ ಪಹಣಿ ತಗದೇವಿ. ಅದರಾಗ ಹೊಲದ ದಾಖಲಿ ಕಂಪ್ಯೂಟರಿಗೆ ಬಂದ ಮ್ಯಾಲಿಂದು ಅಷ್ಟ ಸಿಗತೈತಿ.

ಅಜ್ಜ: ಮೈದುನ ಬ್ಯಾರೆ ಆಗಿದ್ದು ಯಾವಾಗ?

ಮೊಮ್ಮಗಳು: ಕಂಪ್ಯೂಟರ್ ಬರೂಕಿಂತ ಭಾಳ ಮೊದಲು.

ಅಜ್ಜ: ಹಂಗಾರ ಕೈಬರಹದ ಉತಾರ ಬೇಕು. ಅದನ್ನ ತಗಸೀರೇನ?

ಮೊಮ್ಮಗಳು: ಇಲ್ಲ.

ಅಜ್ಜ: ಎತ್ತಿನ ಹಲ್ಲು ನೋಡದ ಮಾರಾಂವನ ಕೈ ಹಿಡದೀರಿ. ಸೀನಿಯರ್‌ಗೆ ಫೋನ್ ಹಚ್ಚು. ನಾಳೆ ಒಂದು ತಾರೀಖು ಮುಂದ ತಗೋರಿ ಅನ್ನು. ಹೊಲ ಇರೂ ತಾಲೂಕಿನ ಕಚೇರಿ ರೆಕಾರ್ಡ್ ರೂಮಿಗೆ ಸರ್ವೆ ನಂಬರ್ ಬರದು ಅರ್ಜಿ ಹಾಕ್ರಿ, ಮೈದುನ ಬ್ಯಾರೆ ಆದ ವರ್ಷದಿಂದ ಮುಂದಿನ ಹತ್ತು ವರ್ಷದ್ದು ಕೇಳ್ರಿ. ಹಕ್ಕು ಬದಲಾವಣೆ ಪುಸ್ತಕದ ನಕಲೂ ಕೇಳ್ರಿ. ಅದರಾಗ ಹೆಸರು ಸಿಕ್ಕರ ಮುದುಕಿಗೆ ಆ ಒಂದ ಪ್ರಶ್ನಾ ಕೇಳ್ರಿ, ಆಕಿ ತಿಳಕೊಳ್ಳೂ ಕನ್ನಡದಾಗ, ಕುಂದ್ರಾಕ ಕುರ್ಚಿ ಕೊಡಿಸಿ. ಹೆಸರು ಸಿಗಲಿಲ್ಲ ಅಂದ್ರ ಆಕಿ ನಡಗೂದನ್ನ ಬರಸಬ್ಯಾಡ್ರಿ, ನಿಮ್ಮ ಪಕ್ಷಗಾರನ ಮಾರಿ ಒಂದೀಟು ನೋಡ್ರಿ.